ಕಾಲುವೆಯೊಳಗಿನ ಬಿರುಕು

“ಸ್ವಲ್ಪ ಮುಗಿಲು ನೋಡ್ರಿ, ಚಮನಬೀ,” ಎಂದು ವರದಿಗಾರ ಸಾಬಣ್ಣ ಕ್ಯಾಮೆರಾ ಎತ್ತಿದ. ಹವಾಮಾನ ಬದಲಾವಣೆಯ ಪುಟಕ್ಕೆ ಬಿರುಕುಬಿಟ್ಟ ನೆಲ, ಆಕಾಶ ನೋಡುವ ರೈತ ಹೆಂಗಸಿನ ಫೋಟೊ ಬೇಕೆಂದು ಪತ್ರಿಕೆಯವರು ಹೇಳಿದ್ದರು. ಆಕೆಯ ಊರು ಸಗರದ ಸುತ್ತ ಗದ್ದೆಗಳೆಲ್ಲ ಹಸಿರು. ಬಿರುಕು ಸಿಕ್ಕಿದ್ದು ಸರದಿಯಂತೆ ಕೆಲವು ದಿನ ನೀರು ನಿಲ್ಲಿಸಿದ್ದ ಕಾಲುವೆಯ ತಳದಲ್ಲಿ ಮಾತ್ರ.

“ಮ್ಯಾಲ ಯಾಕ ನೋಡ್ಲಿ ತಮ್ಮಾ? ನೀರು ನಾರಾಯಣಪುರ ಡ್ಯಾಮಿನಿಂದ ಬರ್ತದ, ನಾಡಿದ್ದು ಬಿಡ್ತಾರ,” ಎಂದು ಆಕೆ ನಕ್ಕಳು. “ಮತ್ತ ನಾ ರೈತಳೂ ಅಲ್ಲ, ಕೌದಿ ಹೊಲಿಯಾಕಿ.”

“ಹಂಗಾದ್ರ ನಿಮ್ಮೂರಾಗ ಹವಾ ಬದಲಾಗೇ ಇಲ್ಲ ಅಂತ ಬರೀಲೇನ್ರಿ?” ಎಂದ ಸಾಬಣ್ಣ, ಬೇಸರದಿಂದ.

ಚಮನಬೀಯ ನಗು ನಿಂತಿತು. “ಮೊದ್ಲು ದೀಪಾವಳಿ ಆದ ಕೂಡ್ಲೆ ಹಳೇ ಸೀರಿ ಗಂಟು ಕಟ್ಟಿ ತರ್ತಿದ್ರು, ಥಂಡಿಗೆ ಕೌದಿ ಹೊಲದು ಕೊಡು ಅಂತ. ಈಗ ಸಂಕ್ರಮಣ ಬಂದ್ರೂ ಥಂಡಿ ಬರವಲ್ದು. ಎರಡು ವರ್ಷಾತು, ಒಬ್ರೂ ಗಂಟು ತಂದಿಲ್ಲ. ನಲವತ್ತು ವರ್ಷ ಸೂಜಿ ಹಿಡದ ಕೈ, ನಾಳಿಂದ ಭತ್ತದ ಕಳೆ ಕೀಳಾಕ ಹೊಂಟದ. ಇದೇನು ಪೇಪರಿನ ಮಾತಲ್ಲ ಬಿಡು.” ಹೀಗೆಂದು ಆಕೆ, ಆತ ಹೇಳಿದ್ದನ್ನಾದರೂ ಮಾಡೋಣವೆಂಬಂತೆ, ಮುಖ ಮೇಲೆತ್ತಿ ನಿಂತಳು.

ಸಾಬಣ್ಣ ಕ್ಯಾಮೆರಾ ಮುಚ್ಚಿದ. ಆ ಒಣ ತಳದಲ್ಲೇ ಕುಳಿತು ಪೆನ್ನು ತೆಗೆದ.

“ಕಡೀ ಕೌದಿ ಯಾರಿಗೆ ಹೊಲದಿದ್ರಿ, ಅಕ್ಕಾ?”