ಕಲ್ಲುಬೆಂಚಿನ ಸರ್ಕಾರ

"ನಾನು ಹೂಂ ಅನ್ನದೆ ಈ ಬಡಾವಣೇಲಿ ಸೂರ್ಯ ಮುಳುಗಲ್ಲ ಕಣ್ರೀ. ನೀರಿನ ಟ್ಯಾಂಕಿನ ಹಿಂದೆ ನಿಂತ್ಕೊಂಡು ಕಾಯ್ತಾನೆ!"

ಅಧ್ಯಕ್ಷರು ಹೀಗೆಂದಾಗ ಪಾರ್ಕಿನ ಕಲ್ಲುಬೆಂಚಿನ ಸುತ್ತ ನಿಂತಿದ್ದವರು ಯಾರೂ ಗಟ್ಟಿಯಾಗಿ ನಗಲಿಲ್ಲ. ನಗುವುದಕ್ಕೂ ನಿಯಮವಿತ್ತು. ಹಲ್ಲು ಕಾಣಬಹುದು, ಸದ್ದು ಕೇಳಬಾರದು.

ನಿವಾಸಿಗಳ ಸಂಘದ ಅಧ್ಯಕ್ಷರೆಂದರೆ ಸಾಮಾನ್ಯವೇ? ಅವರು ಬೀದಿಗೆ ಕಾಲಿಟ್ಟರೆ ಸಾಕು, ಬಾಲ್ಕನಿಯಲ್ಲಿ ಒಣಗುತ್ತಿದ್ದ ಬನಿಯನ್ನುಗಳು ತಾವೇ ಮಡಚಿಕೊಂಡು ಒಳಗೆ ಓಡುತ್ತಿದ್ದವು. ಹೂಕುಂಡಗಳು ಡ್ರಿಲ್ಲಿಗೆ ನಿಂತ ಮಕ್ಕಳ ಹಾಗೆ ಎತ್ತರದ ಪ್ರಕಾರ ಸಾಲುಗಟ್ಟುತ್ತಿದ್ದವು. ನಾಯಿಗಳು ಬೊಗಳಲೇಬೇಕೆನಿಸಿದರೆ ಬಾಯಿ ಮುಚ್ಚಿಕೊಂಡು ಬೊಗಳುತ್ತಿದ್ದವು. ಹಲ್ಲಿನ ಡಾಕ್ಟರೊಬ್ಬರು ಬಾಗಿಲಿಗೆ ಗಿಳಿಹಸಿರು ಬಳಿಸಿದಾಗ ಅಧ್ಯಕ್ಷರು ಬೈಯಲೂ ಇಲ್ಲ. ಆ ಬಾಗಿಲನ್ನೇ ದುರುಗುಟ್ಟಿ ನೋಡಿದರು. ಸಂಜೆಯೊಳಗೆ ಹಸಿರು ಹೆದರಿ ಕಂದು ಬಣ್ಣಕ್ಕೆ ತಿರುಗಿತ್ತು.

ಮನೆಯಲ್ಲಿ ಫ್ಯಾನಿನ ಸ್ವಿಚ್ಚು ಮುಟ್ಟಲೂ ಹೆಂಡತಿಯ ಮುಖ ನೋಡಬೇಕಾದ ಮನುಷ್ಯನಿಗೆ ಇಲ್ಲಿ ಇಂಥ ದರ್ಬಾರು!

ಅಂಥವರ ರಾಜ್ಯದಲ್ಲಿ ಒಂದು ಹೊಲಿಗೆ ಮೆಷಿನ್ನು ಹಗಲೆಲ್ಲ ಕಟಕಟ ಎನ್ನುತ್ತಿತ್ತು.

ಮೂಲೆಮನೆಯ ಹೊಲಿಗೆಯಕ್ಕನದು ಅದು. ಗಂಡ ಸತ್ತ ಮೇಲೆ ಅವಳಿಗೆ ಉಳಿದದ್ದು ಆ ಪುಟ್ಟ ಮನೆ ಮತ್ತು ಆ ಮೆಷಿನ್ನು, ಎರಡೇ. ಬಡಾವಣೆಯ ಗಂಡಸರ ಪ್ಯಾಂಟುಗಳು ನೆಲ ಗುಡಿಸದೆ ಮರ್ಯಾದೆಯಾಗಿ ನಿಂತಿದ್ದರೆ ಅದು ಅವಳ ಕೈಗುಣ.

ಅಧ್ಯಕ್ಷರು ಅವಳ ಕಿಟಕಿಗೆ ಕಿವಿ ಹಚ್ಚಿ ನಿಂತರು. ಕಳ್ಳ ಸಿಕ್ಕಿದ ಪೊಲೀಸಿನವನ ಹಾಗೆ ಮೀಸೆ ಕುಣಿಯಿತು.

"ಏನಮ್ಮಾ ಇದು ಸದ್ದು?"

"ಹೊಟ್ಟೆಪಾಡಿನ ಸದ್ದು ಸಾರ್."

"ವಾಸದ ಮನೇಲಿ ಕಸುಬು ಮಾಡೋ ಹಾಗಿಲ್ಲ. ಭಾನುವಾರ ಸಭೆ ಇದೆ, ಕೈ ಎತ್ತಿಸ್ತೀನಿ. ಬಹುಮತ ಬಂತೋ, ಮೆಷಿನ್ನು ಗೇಟಿನಿಂದಾಚೆ."

"ಅದು ಆಚೆ ಹೋದ್ರೆ ಅದರ ಹಿಂದೆ ನಾನೂ ಮನೆ ಮಾರ್ಕೊಂಡು ಹೋಗ್ಬೇಕಾಗುತ್ತೆ ಸಾರ್. ಸ್ವಲ್ಪ ದೊಡ್ಡ ಮನಸ್ಸು ಮಾಡಿ."

"ನಂದು ಅಂತ ಏನಿದೆಯಮ್ಮ ಇಲ್ಲಿ? ಇಲ್ಲಿರೋರ ನೆಮ್ಮದಿ ನೋಡೋನು ನಾನು, ಅಷ್ಟೆ."

ಹಿಂದಿರುಗುವಾಗ ಅವರು ಎಷ್ಟು ಉಬ್ಬಿದ್ದರೆಂದರೆ, ಗೇಟಿನ ಎರಡೂ ಬಾಗಿಲು ತೆರೆಯಬೇಕಾಯಿತು.

ಭಾನುವಾರ ಬಂತು. ಸಭೆ ಎಂದಿನಂತೆ ಬೆಳಗಿನ ವಾಕಿಂಗ್ ಹೊತ್ತಿಗೆ, ಕಲ್ಲುಬೆಂಚಿನ ಬಳಿ. ಕಾರ್ಯದರ್ಶಿ ಓಟದ ಬೂಟಿನಲ್ಲಿ ಹಾಜರು. ಖಜಾಂಚಿ ಮಂಕಿ ಟೋಪಿಯಲ್ಲಿ ಹಾಜರು. ಹಿಂದೆ ಬೆವರೊರೆಸಿಕೊಳ್ಳುತ್ತ, ತೋಳು ತಿರುಗಿಸುತ್ತ ಸಮಿತಿಯ ಸದಸ್ಯರು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ಮರದ ಮೇಲಿನ ಅಳಿಲು ತಿನ್ನುವುದನ್ನು ನಿಲ್ಲಿಸಿತು.

"ಮೂಲೆಮನೆ ಮೆಷಿನ್ ತೆಗೆಸ್ಬೇಕು ಅನ್ನೋರು..."

"ಕೈ ಎತ್ತೋಕೆ ಮುಂಚೆ ನಂದೊಂದು ಮಾತು ಸಾರ್." ಹೊಲಿಗೆಯಕ್ಕ ಎದ್ದು ನಿಂತಳು. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. "ಈ ವಾರವೆಲ್ಲ ಮನೆಮನೆ ಬಾಗಿಲು ತಟ್ಟಿದೀನಿ. ಒಬ್ಬೊಬ್ಬರ ಕಾಲಿಗೂ ಬೀಳೋಣ ಅಂತ. ಮುಂದಿನ ಸಾಲಿನ ಮನೆಯೋರು, 'ನಿನ್ನ ಮೆಷಿನ್ ಇದ್ರೆ ನಮಗೇ ಅನುಕೂಲ, ಆದ್ರೆ ಅಧ್ಯಕ್ಷರದ್ದೇ ಕೊನೇ ಮಾತು, ಹಿಂದಿನ ಸಾಲಲ್ಲಿದಾರೆ ನೋಡು' ಅಂದ್ರು. ಹಿಂದಿನ ಸಾಲಿನೋರು, 'ಅವರ ಮನೆ ಮುಂದಿನ ಸಾಲಲ್ಲಲ್ವಾ?' ಅಂದ್ರು. ಸಭೆಗಾದ್ರೂ ಬನ್ನಿ ಅಂದ್ರೆ, 'ಅಯ್ಯೋ, ಭಾನುವಾರ ಬೆಳಗ್ಗೆ ಯಾರಮ್ಮ ಏಳ್ತಾರೆ' ಅಂದ್ರು. ಒಂದು ಬಾಗಿಲೂ ಬಿಟ್ಟಿಲ್ಲ ಸಾರ್. ನಿಮ್ಮ ಮನೆ ಯಾವುದು?"

ಅಧ್ಯಕ್ಷರು ಆಕಾಶ ನೋಡಿದರು. ನೀರಿನ ಟ್ಯಾಂಕು ನೋಡಿದರು. ತಮ್ಮದೇ ಚಪ್ಪಲಿ ನೋಡಿದರು.

"ಅದು... ರಿಪೇರಿ ನಡೀತಿದೆ."

"ಯಾವುದರದ್ದು ಸಾರ್?"

ಆನೆಯಷ್ಟು ಉಬ್ಬಿದ್ದ ಮನುಷ್ಯ ಎಲ್ಲರ ಕಣ್ಣೆದುರೇ ಇಳಿಯತೊಡಗಿದರು. ಇಳಿದು ಇಳಿದು, ಕೊನೆಗೆ ಕಲ್ಲುಬೆಂಚಿನ ಮೇಲೆ ಒಬ್ಬ ಸಾಧಾರಣ ಮುದುಕ ಉಳಿದ.

"ನಾನು ಈ ಬಡಾವಣೆಯೋನೇ ಅಲ್ಲ ತಾಯಿ. ದೊಡ್ಡ ರಸ್ತೆ ಆಚೆಯೋನು. ನಮ್ಮ ಬೀದೀಲಿ ಕೂರೋಕೆ ನೆರಳಿಲ್ಲ, ಮನೇಲಿ ಕೂರೋಕೆ ಬಿಡಲ್ಲ. ವಾಕಿಂಗ್ ಅಂತ ಇಲ್ಲಿಗೆ ಬರ್ತಿದ್ದೆ. ಒಂದಿನ ಇವರು ಸಂಘಕ್ಕೆ ಅಧ್ಯಕ್ಷರು ಬೇಕು ಅಂದ್ರು. ಬೆಂಚಿನ ಮೇಲೆ ಕೂತಿದ್ದೋನು ನಾನು. ಇವರೆಲ್ಲ ಚಪ್ಪಾಳೆ ತಟ್ಟಿಬಿಟ್ರು. ಜೀವಮಾನದಲ್ಲಿ ನನಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲಮ್ಮ."

ಹೊಲಿಗೆಯಕ್ಕ ನಿಟ್ಟುಸಿರುಬಿಟ್ಟು ಕಾರ್ಯದರ್ಶಿಯ ಕಡೆ ತಿರುಗಿದಳು. "ಸರಿ, ಸಭೆ ನೀವೇ ನಡೆಸಿ ಅಣ್ಣ."

ಕಾರ್ಯದರ್ಶಿ ಬಗ್ಗಿ, ಬಿಚ್ಚದೇ ಇದ್ದ ಬೂಟಿನ ದಾರ ಕಟ್ಟತೊಡಗಿದ. ಖಜಾಂಚಿ ಟೋಪಿಯನ್ನು ಕಣ್ಣಿನವರೆಗೂ ಎಳೆದುಕೊಂಡ. ತಿರುಗುತ್ತಿದ್ದ ತೋಳುಗಳೆಲ್ಲ ಗಾಳಿಯಲ್ಲೇ ನಿಂತವು.

ಅಧ್ಯಕ್ಷರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಬಾಯಿ ತೆರೆದೇ ಇತ್ತು. ಆಮೇಲೆ ಮೆಲ್ಲಗೆ, ತಮ್ಮ ಕೊನೆಯ ಅಪ್ಪಣೆ ಕೊಟ್ಟರು.

"ಈ ಬಡಾವಣೆಯೋರು ಯಾರ್ಯಾರಿದೀರೋ, ಕೈ ಎತ್ತಿ."

ಹೊಲಿಗೆಯಕ್ಕ ಒಬ್ಬಳೇ ಎತ್ತಿದಳು.