ಬಾಜೂ ಮನಿಯಾಕಿ

“ನೀವು ಇವರಿಗೆ ಏನಾಗಬೇಕ್ರಿ?” ಅರ್ಜಿಯಿಂದ ತಲೆ ಎತ್ತದೆ ಸುನಿತಾ ಕೇಳಿದಳು.

“ಬಾಜೂ ಮನಿಯಾಕಿರಿ,” ಎಂದಳು ನೀಲಕ್ಕ. ತಮ್ಮೂರು ತಂಬೂರಿನಿಂದ ಟಂಟಂ ಗಾಡಿಯಲ್ಲಿ ಬರುವಾಗ ಈ ಮಾತನ್ನು ಮನಸ್ಸಿನಲ್ಲೇ ಎಷ್ಟು ಸಲ ಹೇಳಿಕೊಂಡಿದ್ದಳೋ ಅವಳಿಗೇ ಲೆಕ್ಕವಿರಲಿಲ್ಲ. ಪಕ್ಕದ ಕಬ್ಬಿಣದ ಮಂಚದ ಮೇಲೆ ಮಲಗಿದ್ದ ದುರಗವ್ವ ಅವಳ ಹಡೆದ ತಾಯಿ.

ಕಲಘಟಗಿಯ ಹೊರಗಿದ್ದ ಆ ಆರೈಕೆ ಕೇಂದ್ರಕ್ಕೆ ಸರಕಾರದಿಂದ ಬರುತ್ತಿದ್ದ ಅನುದಾನ ಈ ವರ್ಷ ಅರ್ಧಕ್ಕಿಳಿದಿತ್ತು. ಮಂಚಗಳೂ ಅರ್ಧವಾಗಿ, ಇನ್ನು ಮುಂದೆ ಮಕ್ಕಳಿಲ್ಲದವರಿಗೆ ಮಾತ್ರ ಜಾಗ ಎಂಬ ನಿಯಮ ಬಂದಿತ್ತು; ಆ ಸುದ್ದಿ ತಂಬೂರಿಗೂ ಮುಟ್ಟಿತ್ತು. ಕೇಂದ್ರವನ್ನು ನೋಡಿಕೊಳ್ಳುತ್ತಿದ್ದ ಸುನಿತಾ ಬಾಗಿಲಲ್ಲೇ ಇದನ್ನೆಲ್ಲ ಮತ್ತೊಮ್ಮೆ ಹೇಳಿದ್ದಳು, ಯಾರನ್ನೂ ಹೆದರಿಸದ ದನಿಯಲ್ಲಿ.

ದುರಗವ್ವನ ಸೊಂಟದ ಮೂಳೆ ಮುರಿದು ಎಂಟು ತಿಂಗಳಾಗಿತ್ತು. ನೀಲಕ್ಕ ಕೂಲಿಗೆ ಹೋದ ಹೊತ್ತಿನಲ್ಲಿ ಓಣಿಯ ಮೈಮುನಬಿ ಬಂದು ಮುದುಕಿಯನ್ನೂ, ಲಕ್ವಾ ಹೊಡೆದು ಮಲಗಿದ್ದ ನೀಲಕ್ಕನ ಗಂಡ ಮಂಜಪ್ಪನನ್ನೂ ನೋಡಿಕೊಳ್ಳುತ್ತಿದ್ದಳು. ಅವಳಿಗೆ ಕೊಡುತ್ತಿದ್ದದ್ದು ದುರಗವ್ವನ ವೃದ್ಧಾಪ್ಯ ವೇತನ. ಎಂದೋ ಗುಜರಿಗೆ ಹೋದ ಟೆಂಪೋ ಇನ್ನೂ ಮಂಜಪ್ಪನ ಹೆಸರಿನಲ್ಲೇ ಇದೆಯೆಂದು ಮನೆಯ ಬಿಪಿಎಲ್ ಕಾರ್ಡು ರದ್ದಾಯಿತು. ಅದರ ಹಿಂದೆಯೇ ವೇತನವೂ ನಿಂತಿತು. ಮೈಮುನಬಿ ಎರಡು ತಿಂಗಳು ಸುಮ್ಮನೆ ಬಂದಳು. ಆಮೇಲೆ ಅವಳೂ ಹತ್ತಿ ಬಿಡಿಸಲು ಹೋಗಬೇಕಾಯಿತು. ಹೋದ ವಾರ ತಾಯಿಯನ್ನು ಒಬ್ಬಳೇ ಎತ್ತಲು ಹೋಗಿ ನೀಲಕ್ಕ ಅವಳ ಸಮೇತ ನೆಲಕ್ಕೆ ಬಿದ್ದಿದ್ದಳು. ಬಿದ್ದಲ್ಲೇ ಮಲಗಿಕೊಂಡು ದುರಗವ್ವ ಈ ಸುಳ್ಳನ್ನು ಯೋಚಿಸಿದ್ದಳು. ಮಗಳ ಟೊಂಕವೂ ಮುರಿದರೆ ಮನೆಯಲ್ಲಿ ಮೂರು ಮಂಚ ಹಾಕಬೇಕಾಗುತ್ತದೆ, ಚಹಾ ಮಾಡುವವರು ಯಾರು ಎಂದು ಕೇಳಿದ್ದಳು.

ಸುನಿತಾ ಮಂಚದ ಹತ್ತಿರ ಹೋಗಿ ಬಾಗಿದಳು. “ಅಜ್ಜೀ, ನಿಮಗ ಮಕ್ಕಳು?”

ಇಲ್ಲ ಎಂದಷ್ಟೇ ಹೇಳುವುದೆಂದು ಮಾತಾಗಿತ್ತು. ದುರಗವ್ವ ಮೇಲಿನ ಫ್ಯಾನನ್ನು ನೋಡುತ್ತ ಹೇಳಿದಳು: “ಒಬ್ಬಾಕಿ ಇದ್ದಳವ್ವ. ಸಣ್ಣಾಕಿದ್ದಾಗ ಹೋದ್ಲು.”

ನೀಲಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

“ಮತ್ತ ಇಷ್ಟು ದಿನಾ ಯಾರು ನೋಡಿಕೊಂಡ್ರು?”

“ಈಕಿನ. ಬಾಜೂ ಮನಿಯಾಕಿ. ಮನಶಾಳು ಚೊಲೋ, ಕೈ ಅಷ್ಟ ಒರಟು. ಜಳಕಾ ಮಾಡಸೂ ಮುಂದ ಎಮ್ಮಿ ಮೈ ತಿಕ್ಕಿದಂಗ ತಿಕ್ಕತಾಳ.”

ಸುನಿತಾಳಿಗೆ ನಗು ಬಂತು. ಆಧಾರ್ ಕಾರ್ಡಿನ ಪ್ರತಿಯನ್ನು ಅರ್ಜಿಗೆ ಚುಚ್ಚಿ, ಕೆಳಗೆ ಸಹಿ ಹಾಕಿ, ನೀಲಕ್ಕನಿಂದಲೂ ಒಂದು ಸಹಿ ಮಾಡಿಸಿಕೊಂಡಳು. ಕಂಬಳಿ, ತಟ್ಟೆ, ಲೋಟ ಇಲ್ಲೇ ಕೊಡುತ್ತಾರೆ, ತಿಂಗಳಿಗೊಮ್ಮೆ ಡಾಕ್ಟರು ಬರುತ್ತಾರೆ ಎಂದು ವಿವರಿಸಿದಳು. ಕೆಲಸ ಮುಗಿಯಿತು. ನಾಲ್ಕರ ಬಸ್ಸಿಗೆ ಇನ್ನು ಹೆಚ್ಚು ಹೊತ್ತಿರಲಿಲ್ಲ.

ಪಕ್ಕದ ಮಂಚದ ಮುದುಕಿಯೊಬ್ಬಳು ಕಾಲು ಚಾಚಿಕೊಂಡು ಮೊರದಲ್ಲಿ ರಾತ್ರಿಯ ಅಡುಗೆಯ ಅಕ್ಕಿ ಆರಿಸುತ್ತಿದ್ದಳು. ನೀಲಕ್ಕ “ಬರ್ತೀನಿ” ಎಂದದ್ದೇ ತಡ, ದುರಗವ್ವನ ಕೈ ಆ ಮೊರಕ್ಕೆ ಚಾಚಿತು. ಒಂದು ಹಿಡಿ ಅಕ್ಕಿ ತೆಗೆದುಕೊಂಡು, “ಹಂಗ ಹೊಂಟ್ಯೇನ? ಉಡಿ ಒಡ್ಡು,” ಎಂದಳು.

ನೀಲಕ್ಕ ಬಾಗಿ ಸೆರಗು ಒಡ್ಡಿದಳು. ಅಕ್ಕಿ ಬಿತ್ತು. ಮದುವೆಯಾದಾಗಿನಿಂದ ಮೂವತ್ತೆಂಟು ವರ್ಷಗಳ ಅಭ್ಯಾಸ. ಅವಳ ಬೆರಳುಗಳು ತಾವಾಗಿಯೇ ಆ ಅಕ್ಕಿಯಿಂದ ಒಂದು ಚಿಟಿಕೆ ತೆಗೆದು ತಾಯಿಯ ಅಂಗೈಗೆ ಹಿಂದಿರುಗಿಸಿದವು.

ಉಡಿಯನ್ನು ಯಾವ ಮುತ್ತೈದೆಗಾದರೂ ತುಂಬುತ್ತಾರೆ. ತವರು ಬರಿದಾಗಬಾರದೆಂದು ನಾಲ್ಕು ಕಾಳು ಹಿಂದಕ್ಕೆ ಕೊಟ್ಟು ಹೋಗುವವಳು ಮಗಳು ಮಾತ್ರ. ಇದು ಸುನಿತಾಳಿಗೂ ಗೊತ್ತಿತ್ತು. ಅವಳೂ ಇದೇ ಸೀಮೆಯ ಮಿಶ್ರಿಕೋಟಿಯ ಮಗಳು. ಮೊರದ ಮೇಲೆ ಆಡುತ್ತಿದ್ದ ಮುದುಕಿಯ ಬೆರಳುಗಳೂ ನಿಂತವು.

ತಾಯಿ ಮಗಳು ಒಬ್ಬರನ್ನೊಬ್ಬರು ನೋಡಲಿಲ್ಲ. ಸುನಿತಾ ಕೈಯಲ್ಲಿದ್ದ ಅರ್ಜಿಯನ್ನು ನೋಡಿದಳು. ಹರಿಯುತ್ತಾಳೆ ಎಂದುಕೊಂಡಳು ನೀಲಕ್ಕ. ಹರಿದರೆ ತಾಯಿಯನ್ನು ಮತ್ತೆ ಟಂಟಂಗೆ ಹತ್ತಿಸುವುದು ಹೇಗೆ ಎಂಬುದೊಂದೇ ಆಗ ಅವಳ ತಲೆಯಲ್ಲಿದ್ದದ್ದು. ಅದರ ಹಿಂದೆಯೇ, ಹರಿದರೂ ಹರಿಯಲಿ ಎಂಬ ಆಸೆ ಎಲ್ಲಿಂದಲೋ ಎದ್ದುಬಂದು ಅವಳನ್ನೇ ಹೆದರಿಸಿತು.

ಸುನಿತಾ ಅರ್ಜಿಯನ್ನು ಮಡಚಿ ಕಪಾಟಿನಲ್ಲಿಟ್ಟಳು. ನೀಲಕ್ಕನನ್ನು ಬಾಗಿಲ ತನಕ ಕರೆದೊಯ್ದು, ದನಿ ತಗ್ಗಿಸಿ ಹೇಳಿದಳು: “ಅಕ್ಕಾರ, ತಪಾಸಣಿಯವರು ಬಂದಾಗ ನೀವು ಇಲ್ಲಿ ಕಾಣಬಾರದು. ಕಂಡ್ರ ಈ ಮಂಚನೂ ಹೋಗತೈತಿ.”

“ಯಾವಾಗ ಬರ್ತಾರ್ರಿ ಅವರು?”

“ಹೇಳಿ ಬರಂಗಿಲ್ಲರಿ. ಯಾವತ್ತರ ಬರಬಹುದು.”

ನೀಲಕ್ಕನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆಮೇಲೆ ತಲೆಯಾಡಿಸಿ, ಸೆರಗಿನ ಅಕ್ಕಿಯನ್ನು ಗಂಟು ಹಾಕಿಕೊಂಡು, ಹಿಂದಿರುಗಿ ನೋಡದೆ ರಸ್ತೆಗಿಳಿದಳು.

ಸುನಿತಾ ಒಳಗೆ ಬಂದಾಗ ದುರಗವ್ವ ಮಗ್ಗುಲಾಗಲು ಹೆಣಗುತ್ತಿದ್ದಳು. ಬಲಗೈಯ ಮುಷ್ಟಿ ಬಿಗಿಯಾಗಿ ಮುಚ್ಚಿತ್ತು.

“ಯವ್ವಾ,” ಎಂದಳು, “ಈ ಕಿಡಕ್ಯಾಗಿಂದ ತಂಬೂರ ಬಸ್ಸು ಕಾಣತೈತೇನು?”