ಹತ್ತು ಸಾವಿರ ಮೀನು

ಹಿಡಿದ ನೂರು ಮೀನಿನಲ್ಲಿ ಗುರುತಿನದು ಒಂದೇ ಒಂದು. ಅಮಲದಾಸ್ ಮೇಷ್ಟ್ರು ಕತ್ತರಿಯನ್ನು ಹಲಗೆಯ ಮೇಲೆ ಕುಕ್ಕಿದರು.

"ಹತ್ತು ಸಾವಿರ! ಕ್ಲಾರಾ, ಕೇಳಿಸ್ತಾ? ನಮ್ಮ ಕೊಳದಲ್ಲಿ ಈಗ ಹತ್ತು ಸಾವಿರ ಮೀನಿದೆ!"

ಹಿತ್ತಲ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೊಳದತ್ತ ಕಣ್ಣು ಹಾಯಿಸಿದಳು. "ಇಷ್ಟಗಲ ನೀರಲ್ಲಿ ಹತ್ತು ಸಾವಿರ ಎಲ್ಲಿ ನಿಂತ್ಕೊಂಡಿವೆ ರೀ?"

"ಲೆಕ್ಕ ಸುಳ್ಳು ಹೇಳಲ್ಲ ಕಣೇ."

ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವರ ಮಾತು. ಕ್ಲಾರಾ ಒಳಗೆ ಹೋದಳು.

ನಿವೃತ್ತರಾದ ಮೇಲೆ ಮೇಷ್ಟ್ರು ನಜರ್‌ಬಾದಿನ ಮನೆಯ ಹಿತ್ತಲಲ್ಲಿ ಅರವತ್ತಡಿ ಉದ್ದದ ಕೊಳ ತೋಡಿಸಿ ರೋಹು ಮೀನು ಸಾಕಿದ್ದರು. ಕಳೆದ ಬೇಸಿಗೆಯಲ್ಲಿ ಮೀನು ಮಿತಿಮೀರಿ, ಉಸಿರುಕಟ್ಟಿ, ಒಂದೇ ಬೆಳಗಿಗೆ ಅಷ್ಟೂ ಹೊಟ್ಟೆ ಮೇಲಾಗಿ ತೇಲಿದವು. ಮೇಷ್ಟ್ರು ದಂಡೆಯಲ್ಲಿ ಕೂತು ಗೊಳೋ ಎಂದು ಅತ್ತರು. ಬೀದಿಗೆ ಬೀದಿಯೇ ಮೂಗು ಮುಚ್ಚಿಕೊಂಡಿತು. ಪಕ್ಕದ ಮನೆಯ ಶಿವರುದ್ರಪ್ಪ ಅರ್ಜಿ ಬರೆದು ಎಲ್ಲರಿಂದ ಸಹಿ ಹಾಕಿಸಿದರು.

ಮಳೆಗಾಲಕ್ಕೆ ಮತ್ತೆ ನಾನೂರು ಮರಿ ಬಿಟ್ಟದ್ದು ತಿಳಿದು ವಾರ್ಡಿನ ಅಧಿಕಾರಿ ಬಂದರು. ಬೇಸಿಗೆಯೊಳಗೆ ಇನ್ನೂರಕ್ಕೆ ಇಳಿಸಿ, ಇಲ್ಲದಿದ್ದರೆ ಕೊಳಕ್ಕೆ ಮಣ್ಣು ತುಂಬಿಸುತ್ತೇನೆ ಎಂದು ನೋಟಿಸ್ ಕೊಟ್ಟು ಹೋದರು.

ಕದಡಿದ ನೀರಲ್ಲಿ ಮೀನು ಎಣಿಸುವುದು ಹೇಗೆ? ಮೇಷ್ಟ್ರ ಬಳಿ ದಾರಿಯಿತ್ತು. ಭಾನುವಾರ ಐವತ್ತು ಮೀನು ಹಿಡಿದು, ಬಾಲದ ತುದಿಯನ್ನು ಚೂರೇ ಚೂರು ಕತ್ತರಿಸಿ, ವಾಪಸು ನೀರಿಗೆ ಬಿಡುವುದು. ಮುಂದಿನ ಭಾನುವಾರ ಮತ್ತೆ ಐವತ್ತು ಹಿಡಿದು, ಅದರಲ್ಲಿ ಬಾಲ ಕತ್ತರಿಸಿದವು ಎಷ್ಟೆಂದು ನೋಡಿ, ಉಳಿದವಕ್ಕೂ ಗುರುತು ಹಾಕಿ ಬಿಡುವುದು. ಗುರುತಿನವು ಹೆಚ್ಚು ಸಿಕ್ಕರೆ ಕೊಳದಲ್ಲಿ ಮೀನು ಕಡಿಮೆ. ಕಡಿಮೆ ಸಿಕ್ಕರೆ, ಉಳಿದ ಮೀನಿನ ಗುಂಪು ಅಷ್ಟು ದೊಡ್ಡದು. ಒಂದು ಗುಣಾಕಾರ, ಒಂದು ಭಾಗಾಕಾರ, ಮುಗಿಯಿತು.

ನೀರಿಗಿಳಿಯಲು ಶಿವರಾಮುವನ್ನು ಗೊತ್ತು ಮಾಡಿದರು. ಐವತ್ತು ದಾಟಿದವನು, ಮಾತು ಕಡಿಮೆ. ಮೊದಲು ರಸ್ತೆಬದಿಯ ಮರ ಕಡಿಯುವ ಕಂಟ್ರಾಕ್ಟರ್ ಬಳಿ ದುಡಿದವನು. ಕಡಿಯಲೆಂದು ಬಣ್ಣದಲ್ಲಿ ನಂಬರ್ ಬರೆಯದ ಮರದ ಒಂದು ಎಲೆಯನ್ನೂ ಕಿತ್ತವನಲ್ಲ ಎಂಬ ಹೆಸರಿತ್ತು. ಅಷ್ಟು ಪ್ರಾಮಾಣಿಕ ಆಳು ಈ ಕಾಲದಲ್ಲಿ ಸಿಗುತ್ತಾನೆಯೇ ಎಂದು ಮೇಷ್ಟ್ರು ಖುಷಿಪಟ್ಟಿದ್ದರು. ಭಾನುವಾರ ಅವನು ಬಲೆ ಎಳೆಯಬೇಕು. ಬುಧವಾರ ದಂಪತಿ ಚರ್ಚಿನ ನೊವೆನಾ ಪ್ರಾರ್ಥನೆಗೆ ಹೋದಾಗ ಐವತ್ತು ಮೀನು ಹಿಡಿದು ವೃದ್ಧಾಶ್ರಮದ ಅಡುಗೆಮನೆಗೆ ಮುಟ್ಟಿಸಬೇಕು.

ಮೊದಲ ವಾರದ ಲೆಕ್ಕ ಸಾವಿರದ ಇನ್ನೂರೈವತ್ತು ಎಂದಿತು. ಮೇಷ್ಟ್ರಿಗೆ ನಂಬಿಕೆ ಬರಲಿಲ್ಲ. ಎರಡನೆಯ ವಾರ ಎರಡೂವರೆ ಸಾವಿರ. ಬಿಟ್ಟಿದ್ದೇ ನಾನೂರು, ನಿಂತ ನೀರಲ್ಲಿ ರೋಹು ಮೊಟ್ಟೆ ಇಡುವುದಿಲ್ಲ. ಹಾಗಾದರೆ ಯಾರೋ ತಂದು ಸುರಿಯುತ್ತಿದ್ದಾರೆ!

ಯಾರೋ ಏನು ಬಂತು, ಶಿವರುದ್ರಪ್ಪನೇ. ಮೇಷ್ಟ್ರು ಕಾಂಪೌಂಡಿನ ಮೇಲೆ ಗಾಜಿನ ಚೂರು ನೆಡಿಸಿದರು. ಮೀನು ಕಡಿಮೆಯಾಗಲಿಲ್ಲ.

ಆಮೇಲೆ ಅನುಮಾನ ಶಿವರಾಮುವಿನ ಕಡೆಗೂ ತಿರುಗಿತು. ಒಂದು ಬುಧವಾರ ಚರ್ಚಿನಿಂದ ಬಂದಾಗ ಅವನಿನ್ನೂ ಸೊಂಟದುದ್ದ ನೀರಲ್ಲೇ ನಿಂತಿದ್ದ. ಬಲೆಯಿಂದ ಒಂದು ಮೀನೆತ್ತಿ, ತಿರುಗಿಸಿ ನೋಡಿ, ಮತ್ತೆ ಕೊಳಕ್ಕೇ ಬಿಟ್ಟದ್ದನ್ನು ಕ್ಲಾರಾ ಕಣ್ಣಾರೆ ಕಂಡಳು.

"ಐವತ್ತು ಹಿಡಿಯೋಕೆ ಮೂರು ಗಂಟೆನಾ?" ಎಂದು ಮೇಷ್ಟ್ರು ಗದರಿದರು.

"ಸುಮ್ಕೆ ಹಿಡಿಯೋದಾದ್ರೆ ಅರ್ಧ ಗಂಟೆ ಮೇಷ್ಟ್ರೇ. ನೀವು ಹೇಳ್ದಂಗೆ ಹಿಡೀಬೇಕಲ್ಲ." ಅವನ ಕೈಬೆರಳು ನೀರಲ್ಲಿ ನೆನೆದು ಬಿಳಿಚಿದ್ದವು. "ಇವತ್ತೂ ಒಂದು ಕಮ್ಮಿ ಆಯ್ತು, ತಪ್ಪಿಸ್ಕೊಂಬುಡ್ತು."

"ಒಂದು ಕಮ್ಮಿಯಾದ್ರೆ ಇನ್ನೊಂದು ಹಿಡಿ! ಮೀನಿಗೇನು ಬರವಾ?"

ಶಿವರಾಮು ತಪ್ಪು ಮಾತು ಕೇಳಿದವನ ಹಾಗೆ ತಲೆತಗ್ಗಿಸಿದ.

ನಾಲ್ಕು ವಾರವಾದರೂ ಲೆಕ್ಕ ಇಳಿಯಲಿಲ್ಲ. ಐವತ್ತು ಸಾಲದು, ಇನ್ನು ನೂರಕ್ಕೆ ಗುರುತು, ಬುಧವಾರ ನೂರೂ ಹೊರಗೆ ಎಂದು ಮೇಷ್ಟ್ರು ಅಪ್ಪಣೆ ಮಾಡಿದರು. ಈಗ ನೂರು ಮೀನು ಸಿಗಬೇಕಾದರೆ ಬೆಳಿಗ್ಗೆಯಿಂದ ಸಂಜೆವರೆಗೆ ಬಲೆ ಎಳೆಯಬೇಕಿತ್ತು. ಹಾಳು ಮೀನು ಬಲೆ ನೋಡಿ ನೋಡಿ ಚಾಲಾಕಾಗಿವೆ ಎಂದರು. ಹಾಕಿದ ಹಿಂಡಿ, ತೌಡು ತಿನ್ನದೆ ತೇಲುತ್ತಿದೆಯಲ್ಲ ಎಂದು ಕ್ಲಾರಾ ಕೇಳಿದ್ದಕ್ಕೆ, ಇಕ್ಕಟ್ಟಿಗೆ ಹಸಿವೇ ಸತ್ತಿದೆ ಎಂದರು. ಕಳೆದ ಬೇಸಿಗೆಯ ಆ ಬೆಳಗು ನೆನಪಾಗಿ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಅಂಥದ್ದರಲ್ಲಿ ಇವತ್ತು ಹತ್ತು ಸಾವಿರ. ಮೇಷ್ಟ್ರು ಹಲ್ಲು ಕಚ್ಚಿ ನೂರು ಮೀನಿಗೂ ಕತ್ತರಿಯಾಡಿಸಿ ನೀರಿಗೆ ಬಿಟ್ಟರು. ಮರುದಿನವೇ ವಾರ್ಡ್ ಕಚೇರಿಗೆ ದೂರು ಬರೆದರು: ನೆರೆಮನೆಯ ಶಿವರುದ್ರಪ್ಪನವರು ನನ್ನ ಕೊಳ ಮುಚ್ಚಿಸುವ ದುರುದ್ದೇಶದಿಂದ ಸಾವಿರಾರು ಮೀನು ತಂದು ಸುರಿಯುತ್ತಿದ್ದಾರೆ.

ಭಾನುವಾರವಾದರೂ ಅಧಿಕಾರಿ ಬಂದರು. ಹತ್ತು ಸಾವಿರ ಮೀನನ್ನು ಅವರೂ ನೋಡಿರಲಿಲ್ಲ. ಶಿವರುದ್ರಪ್ಪ ಕೆಂಪು ಮುಖ ಮಾಡಿಕೊಂಡು ದಂಡೆಯಲ್ಲಿ ನಿಂತರು.

"ಎಳಿ ಶಿವರಾಮು. ಎಲ್ಲರೂ ನೋಡಲಿ," ಎಂದರು ಮೇಷ್ಟ್ರು.

ಶಿವರಾಮು ಏನೋ ಹೇಳಹೊರಟಾಗ ಮೇಷ್ಟ್ರು ಬಲೆಯನ್ನು ಅವನ ಕೈಗೆ ತುರುಕಿದರು. ಅವನು ನೀರಿಗಿಳಿದ. ಬಲೆ ಈ ದಡದಿಂದ ಆ ದಡಕ್ಕೆ ಹೋಯಿತು. ಖಾಲಿ. ಮತ್ತೆ ಎಳೆದ. ಒಂದು ಕಪ್ಪೆ ಹಾರಿತು. ಮೂರನೆಯ ಸಲ ಬರೀ ಕೆಸರು.

ಶಿವರುದ್ರಪ್ಪ ಜೋರಾಗಿ ನಕ್ಕರು. ಅಧಿಕಾರಿ ದೂರಿನ ಕಾಗದವನ್ನು ಮಡಚಿ ಜೇಬಿಗಿಟ್ಟರು. ಮೇಷ್ಟ್ರು ಮಾತ್ರ ನೀರನ್ನೇ ನೋಡುತ್ತ ನಿಂತಿದ್ದರು.

"ಮೀನೆಲ್ಲಿ ಶಿವರಾಮು?" ಎಂದರು ಮೇಷ್ಟ್ರು. "ನನ್ನ ಮೀನೆಲ್ಲಿ ಕಣಯ್ಯ?"

"ಮೊನ್ನೆ ಬುಧವಾರಕ್ಕೆ ಮುಗುದೋದ್ವಲ್ಲ ಮೇಷ್ಟ್ರೇ," ಎಂದ ಶಿವರಾಮು, ಒದ್ದೆ ಕೈಯನ್ನು ಎದೆಯ ಮೇಲಿಟ್ಟು. "ನಮ್ಮವ್ವನಾಣೆ, ನೀವು ಬಾಲ ಕತ್ತರಿಸಿ ಗುರುತು ಹಾಕಿದ್ದನ್ನ ಬುಟ್ಟು ಬೇರೆ ಒಂದೇ ಒಂದು ಮೀನೂ ನಾನು ಹಿಡ್ದಿಲ್ಲ."